ಚಿತ್ರ ಚೆನ್ನಾಗಿದೆ, ಆದರೆ ಕಣ್ಣು ಎಲ್ಲೂ ನಿಲ್ಲುತ್ತಿಲ್ಲ: ಕಂಪೋಸಿಷನ್ ಗಟ್ಟಿ ಮಾಡುವುದು ಹೇಗೆ?

‘ಮುಖ, ಕೈಕಾಲು ಎಲ್ಲ ಅಳತೆಗೆ ಸರಿಯಾಗಿವೆ. ಬಣ್ಣವೂ ಪರವಾಗಿಲ್ಲ. ಆದರೂ ಚಿತ್ರ ಯಾಕೋ ಸಪ್ಪೆ ಅನ್ನಿಸುತ್ತದೆ. ಎಲ್ಲಿ ತಪ್ಪಿದೆ?’

ಇಲಸ್ಟ್ರೇಷನ್ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅವರು ತೋರಿಸುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಗೆರೆಯ ತಪ್ಪು ಇರುವುದಿಲ್ಲ. ಕೈ ಪಳಗಿರುತ್ತದೆ. ಆದರೆ ನಾಯಕಿಯ ಕಣ್ಣಿಗೆ ಎಷ್ಟು ಕಷ್ಟಪಟ್ಟಿದ್ದಾರೋ ಹಿಂದಿನ ಗೋಡೆಯ ಇಟ್ಟಿಗೆಗೂ ಅಷ್ಟೇ ಕಷ್ಟಪಟ್ಟಿರುತ್ತಾರೆ. ಚಿತ್ರದಲ್ಲಿರುವ ಪ್ರತಿಯೊಂದೂ ಒಂದೇ ಜೋರಿನಲ್ಲಿ ‘ನನ್ನ ನೋಡಿ’ ಅನ್ನುತ್ತಿರುತ್ತದೆ.

ಇದನ್ನು ಸರಿಮಾಡಲು ಹೊರಟವರು ಮುಖ್ಯ ಪಾತ್ರಕ್ಕೆ ಇನ್ನೊಂದು ಹೈಲೈಟ್ ಹಾಕುತ್ತಾರೆ. ಇನ್ನಷ್ಟು ಕೆಂಪು ಬಳಿಯುತ್ತಾರೆ. ಸುತ್ತ ಒಂದು ಹೊಳಪು ಬಿಡುತ್ತಾರೆ. ನಾನು ನೋಡಿದ ಹಾಗೆ ಕೆಲಸ ಮಾಡುವುದು ಇದರ ಉಲ್ಟಾ. ಮುಖ್ಯವಾದದ್ದರ ದನಿ ಏರಿಸುವ ಮೊದಲು ಉಳಿದದ್ದರ ದನಿ ಇಳಿಸಬೇಕು. ಕೆಳಗಿನ ಹಂತಗಳೆಲ್ಲ ಅದನ್ನೇ ಬೇರೆ ಬೇರೆ ಕಡೆಯಿಂದ ಮಾಡುತ್ತವೆ.

ಮೊದಲು ಎರಡು ಪದ. ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಎಷ್ಟು ಗಾಢವಾಗಿರಬೇಕು ಎಂಬ ಏರ್ಪಾಡೇ ಕಂಪೋಸಿಷನ್. ನೋಡುವವರ ಕಣ್ಣು ಮೊದಲು ಹೋಗಿ ಕೂರಬೇಕಾದ ಜಾಗ ಫೋಕಲ್ ಪಾಯಿಂಟ್. ಇಂಥ ಜಾಗ ಬೇಕಾಗುವುದಕ್ಕೆ ಕಣ್ಣಿನ ರಚನೆಯೇ ಕಾರಣ. ನಮ್ಮ ಕಣ್ಣು ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವುದು ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಎಷ್ಟೋ ಹೆಚ್ಚುಕಡಿಮೆ ಅಷ್ಟು. ಸುತ್ತಲಿನದೆಲ್ಲ ಮಸುಕು. ಹಾಗಾಗಿ ಕಣ್ಣು ಚಿತ್ರದ ಮೇಲೆ ಜಿಗಿಯುತ್ತಾ ಓಡಾಡುತ್ತದೆ. ಎಲ್ಲಿಗೆ ಜಿಗಿಯಬೇಕು ಎಂದು ನೀವು ಹೇಳದಿದ್ದರೆ ಅದು ತನಗೆ ತೋಚಿದ ಕಡೆ ಹೋಗುತ್ತದೆ.

ಬೇಕಾದ ಸಾಮಾನು ಕಡಿಮೆ. ಪೆನ್ಸಿಲ್, ಕಾಗದ, ಒಂದು ಬೂದು ಮಾರ್ಕರ್, ಒಂದು ಕಪ್ಪು ಮಾರ್ಕರ್, ಫೋನಿನ ಕ್ಯಾಮೆರಾ. ಟ್ಯಾಬ್ಲೆಟ್‌ನಲ್ಲಿ ಬಿಡಿಸುವವರಿಗೆ ಅದೊಂದೇ ಸಾಕು.

ಉದಾಹರಣೆಗೆ ಒಂದೇ ದೃಶ್ಯ ಹಿಡಿದುಕೊಳ್ಳೋಣ. ಮಳೆಯ ಸಂಜೆ. ಬಸ್ ನಿಲ್ದಾಣದ ಪಕ್ಕ ಒಬ್ಬಳು ಹುಡುಗಿ ಕೊಡೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಎದುರಿಗೆ ನೆನೆದು ತೊಪ್ಪೆಯಾದ ನಾಯಿಮರಿ.

1. ಚಿತ್ರ ಏನು ಹೇಳುತ್ತದೆ? ಒಂದು ವಾಕ್ಯದಲ್ಲಿ ಬರೆಯಿರಿ

‘ಮಳೆಯಲ್ಲಿ ಹುಡುಗಿ ಮತ್ತು ನಾಯಿಮರಿ’ ಅಂತ ಬರೆದರೆ ಆಗಲಿಲ್ಲ. ಅದು ವಸ್ತುಗಳ ಪಟ್ಟಿ. ‘ಹುಡುಗಿ ತಾನು ನೆನೆದರೂ ಪರವಾಗಿಲ್ಲ ಅಂತ ಕೊಡೆಯನ್ನು ಮರಿಯ ಕಡೆ ವಾಲಿಸುತ್ತಾಳೆ.’ ಇದು ವಾಕ್ಯ. ಇದರಲ್ಲಿ ಕ್ರಿಯಾಪದ ಇದೆ. ಆ ಕ್ರಿಯೆ ನಡೆಯುವ ಜಾಗವೇ ಫೋಕಲ್ ಪಾಯಿಂಟ್: ವಾಲಿದ ಕೊಡೆ ಮತ್ತು ಅದರ ಕೆಳಗಿನ ಮರಿ. ಹುಡುಗಿಯ ಮುಖ ಎರಡನೆಯದು. ಬಸ್ ನಿಲ್ದಾಣ, ರಸ್ತೆ, ದೀಪ ಎಲ್ಲ ಆಮೇಲೆ.

ವಾಕ್ಯ ಬದಲಾದರೆ ಚಿತ್ರವೂ ಬದಲಾಗಬೇಕು. ‘ಮನೆಗೆ ಹೋಗುವ ಕೊನೆಯ ಬಸ್ ಹೊರಟುಹೋಗುತ್ತಿದ್ದರೂ ಹುಡುಗಿ ಮರಿಯ ಹತ್ತಿರವೇ ಉಳಿಯುತ್ತಾಳೆ’ ಅಂದರೆ ಬಸ್ಸಿನ ಹಿಂದಿನ ದೀಪಕ್ಕೂ ಒಂದು ಪಾತ್ರ ಬಂತು. ಮೊದಲ ವಾಕ್ಯದಲ್ಲಿ ಅದೇ ದೀಪ ಸುಮ್ನೆ ಅಡ್ಡ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ‘ನನ್ನ ಚಿತ್ರದಲ್ಲಿ ಎರಡೂ ಮುಖ್ಯ’ ಅನ್ನುವುದರಲ್ಲಿ. ಎರಡು ಇರಬಹುದು, ಮೂರೂ ಇರಬಹುದು. ಸಮ ಇರಬಾರದು, ಅಷ್ಟೇ. ಮೊದಲನೆಯದು, ಎರಡನೆಯದು, ಮೂರನೆಯದು ಅಂತ ಅಂಕಿ ಹಾಕಿ ಇಟ್ಟುಕೊಳ್ಳಿ.

2. ಥಂಬ್‌ನೇಲ್ ಮಾಡಿ, ಒಂದಲ್ಲ, ಆರು

ಥಂಬ್‌ನೇಲ್ ಅಂದರೆ ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡು ಚಿತ್ರ. 5 ಸೆಂಟಿಮೀಟರ್ ಅಗಲ ಸಾಕು. ಒಂದಕ್ಕೆ 2–3 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಕಣ್ಣು, ಮೂಗು, ಬೆರಳು ಬಿಡಿಸಲು ಜಾಗವೇ ಇರಬಾರದು. ಆಗ ಕೈ ತಾನಾಗಿ ದೊಡ್ಡ ಆಕಾರಗಳನ್ನು ಮಾತ್ರ ಹಾಕುತ್ತದೆ.

ಮೊದಲ ಎರಡು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ: ಹುಡುಗಿ ನಡುವೆ, ಪಕ್ಕದಿಂದ ನೋಟ. ಅವನ್ನು ಬಿಡಿಸಿ ಮುಗಿಸಿಬಿಡಿ. ಮೂರನೆಯದರಿಂದ ನೋಡುವ ಜಾಗ ಬದಲಿಸಿ. ಮರಿಯ ಎತ್ತರದಿಂದ ನೋಡಿದರೆ ಕೊಡೆ ಆಕಾಶದಷ್ಟು ದೊಡ್ಡದಾಗುತ್ತದೆ. ಮೇಲಿನಿಂದ ನೋಡಿದರೆ ಕೊಡೆಯೇ ಒಂದು ದುಂಡು ಆಕಾರ, ಅದರ ಅಂಚಿನಿಂದ ಇಣುಕುವ ಪುಟ್ಟ ಬಾಲ. ತೀರ ಹತ್ತಿರ ಒಂದು, ತೀರ ದೂರ ಒಂದು ಮಾಡಿ.

ಎಚ್ಚರ: ಥಂಬ್‌ನೇಲ್‌ನ ಚೌಕಟ್ಟು ಕೊನೆಯ ಚಿತ್ರದ ಅಳತೆಗೇ ಹೊಂದಬೇಕು. ಚೌಕದಲ್ಲಿ ಕರಡು ಮಾಡಿ ಆಮೇಲೆ ಉದ್ದನೆಯ ಪುಟಕ್ಕೆ ಎಳೆದರೆ ಮಾಡಿದ ಕೆಲಸವೆಲ್ಲ ಹಾಳು. ಚಿತ್ರದ ಮೇಲೆ ಶೀರ್ಷಿಕೆಯೋ ಬರಹವೋ ಕೂರುವುದಾದರೆ ಆ ಜಾಗವನ್ನೂ ಇಲ್ಲೇ ಬಿಡಿ.

3. ಮೂರೇ ಟೋನ್‌ನಲ್ಲಿ ಚಿತ್ರ ನಿಲ್ಲಿಸಿ

ಒಂದೇ ಹಂತ ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ, ಉಳಿದದ್ದು ಬಿಡಿ.

ಬಣ್ಣವನ್ನು ಬದಿಗಿಟ್ಟರೆ ಉಳಿಯುವ ತಿಳಿ–ಗಾಢದ ಮಟ್ಟವನ್ನು ವ್ಯಾಲ್ಯೂ ಅನ್ನುತ್ತಾರೆ. ಒಳ್ಳೆಯದೆನಿಸಿದ ಎರಡು ಥಂಬ್‌ನೇಲ್ ಆರಿಸಿಕೊಂಡು, ಕಾಗದದ ಬಿಳಿ, ಮಾರ್ಕರಿನ ಬೂದು, ಕಪ್ಪು ಈ ಮೂರರಲ್ಲೇ ಇಡೀ ದೃಶ್ಯ ತುಂಬಿಸಿ. ಅತಿ ತಿಳಿ ಮತ್ತು ಅತಿ ಗಾಢ ಎಲ್ಲಿ ತಾಗುತ್ತವೆಯೋ ಅಲ್ಲಿಗೆ ಕಣ್ಣು ಹೋಗುತ್ತದೆ. ಅಂಥ ತಾಗುವ ಜಾಗ ನಿಮ್ಮ ಫೋಕಲ್ ಪಾಯಿಂಟ್‌ನಲ್ಲಿರಬೇಕು. ಬೇರೆ ಕಡೆ ಇರಲೇಬಾರದು ಎಂದಲ್ಲ, ಅಷ್ಟು ಜೋರಾಗಿ ಇರಬಾರದು.

ಮೂರನ್ನೂ ಸಮಪಾಲು ಹಂಚಬೇಡಿ. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ಒಂದು ಟೋನ್ ಅರ್ಧಕ್ಕಿಂತ ಜಾಸ್ತಿ, ಇನ್ನೊಂದು ಕಾಲು ಭಾಗದ ಸುತ್ತಮುತ್ತ, ಮೂರನೆಯದು ಚೂರೇ ಚೂರು. ಆ ಚೂರು ಎಲ್ಲಿ ಬೀಳುತ್ತದೋ ಅದೇ ಮುಖ್ಯ. ನಮ್ಮ ದೃಶ್ಯದಲ್ಲಿ ಮಳೆ, ರಸ್ತೆ, ಆಕಾಶ ಎಲ್ಲ ಬೂದು. ನಿಲ್ದಾಣದ ಮಾಡು, ಹುಡುಗಿಯ ಕೋಟು, ಕೊಡೆಯ ಮೇಲ್ಭಾಗ ಕಪ್ಪು. ಬಿಳಿ ಇರುವುದು ಕೊಡೆಯ ಕೆಳಗೆ ಮಾತ್ರ: ಮರಿಯ ಮೈ, ಹುಡುಗಿಯ ಕೆನ್ನೆಯ ಒಂದು ಪಕ್ಕ.

ಪಕ್ಕಪಕ್ಕದ ಗಾಢಗಳನ್ನು ಕೂಡಿಸಿಬಿಡಿ. ಕೋಟು ಎಲ್ಲಿ ಮುಗಿದು ಹಿಂದಿನ ನೆರಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗದಿದ್ದರೂ ಚಿಂತೆಯಿಲ್ಲ. ಹೊಸಬರಿಗೆ ಇದು ಕಷ್ಟ. ಪ್ರತಿಯೊಂದು ವಸ್ತುವನ್ನೂ ಬೇರೆ ಮಾಡಿ ತೋರಿಸುವ ಆಸೆ. ಆದರೆ ಹತ್ತು ತುಂಡು ಕತ್ತಲೆಗಿಂತ ಒಂದು ದೊಡ್ಡ ಕತ್ತಲೆ ಚಿತ್ರವನ್ನು ಚೆನ್ನಾಗಿ ಹೊರುತ್ತದೆ.

ಮಳೆಯ ಚಿತ್ರದಲ್ಲಿ ಜಾಸ್ತಿ ಜನ ಎಡವುವುದು ಬಿಳಿಯಲ್ಲಿ. ಬೀದಿದೀಪ ಬಿಳಿ, ನೀರಿನ ಹೊಳಪು ಬಿಳಿ, ಮಳೆಹನಿ ಬಿಳಿ, ಅಂಗಡಿಯ ಬೋರ್ಡು ಬಿಳಿ. ನಿಜ ಜೀವನದಲ್ಲಿ ಹಾಗೇ ಇರುತ್ತದೆ, ಒಪ್ಪಿದೆ. ಚಿತ್ರದಲ್ಲಿ ಇವುಗಳ ಪೈಕಿ ಮರಿಯ ಹತ್ತಿರದ ಒಂದು ನೀರಿನ ಗುಂಡಿಗೆ ಮಾತ್ರ ಪೂರ್ತಿ ಬಿಳಿ ಕೊಡಿ. ಉಳಿದವನ್ನೆಲ್ಲ ತಿಳಿಬೂದಿಗೆ ಇಳಿಸಿ. ಯಾರೂ ಬಂದು ‘ಆ ದೀಪ ಯಾಕೆ ಮಂಕಾಗಿದೆ’ ಅಂತ ಕೇಳುವುದಿಲ್ಲ.

ಬೆಳಕಿನ ಈ ಕೆಲಸ ನೋಡಬೇಕೆಂದರೆ ಇಟಲಿಯ ಚಿತ್ರಕಾರ ಕಾರವಾಜ್ಜೊ 1599–1600ರಲ್ಲಿ ಬಿಡಿಸಿದ ‘ಸಂತ ಮ್ಯಾಥ್ಯೂನ ಕರೆ’ಯನ್ನು ಹುಡುಕಿ ನೋಡಿ. ಏಸು ಬಲಗಡೆ ಅಂಚಿನಲ್ಲಿ, ಮುಕ್ಕಾಲುಪಾಲು ಕತ್ತಲಲ್ಲಿ ನಿಂತಿದ್ದಾನೆ. ಮುಖಕ್ಕೂ ಚಾಚಿದ ಕೈಗೂ ಮಾತ್ರ ಬೆಳಕು ತಾಗಿದೆ. ಆ ಬೆಳಕಿನ ಪಟ್ಟಿಯೇ ಕಣ್ಣನ್ನು ಎಡಗಡೆಯ ಮೇಜಿನ ಸುತ್ತ ಕೂತವರ ಕಡೆ ಕರೆದೊಯ್ಯುತ್ತದೆ.

ಡಿಜಿಟಲ್‌ನಲ್ಲಿ ವ್ಯಾಲ್ಯೂ ಪರೀಕ್ಷಿಸುವವರಿಗೆ ಒಂದು ಮಾತು. ಸ್ಯಾಚುರೇಷನ್, ಅಂದರೆ ಬಣ್ಣದ ತೀವ್ರತೆ, ಅದನ್ನು ಸೊನ್ನೆಗೆ ಎಳೆದು ನೋಡುವ ಅಭ್ಯಾಸ ಹಲವರಿಗಿದೆ. ಕೆಲವು ಆ್ಯಪ್‌ಗಳಲ್ಲಿ ಇದು ಮೋಸ ಮಾಡುತ್ತದೆ. ಅಪ್ಪಟ ಹಳದಿ, ಅಪ್ಪಟ ನೀಲಿ ಎರಡೂ ಒಂದೇ ಬೂದಾಗಿ ಕಾಣುತ್ತವೆ. ನಮ್ಮ ಕಣ್ಣಿಗಾದರೆ ಹಳದಿ ಬಿಳಿಗೆ ಹತ್ತಿರ, ನೀಲಿ ಕಪ್ಪಿಗೆ ಹತ್ತಿರ. ಇದರ ಬದಲು ಎಲ್ಲಕ್ಕಿಂತ ಮೇಲೆ ಪೂರ್ತಿ ಕಪ್ಪು ತುಂಬಿದ ಒಂದು ಲೇಯರ್ (ಪದರ) ಇಟ್ಟು, ಅದರ ಬ್ಲೆಂಡ್ ಮೋಡ್, ಅಂದರೆ ಅದು ಕೆಳಗಿನದರ ಜೊತೆ ಬೆರೆಯುವ ಬಗೆ, ಅದನ್ನು ‘ಕಲರ್’ ಮಾಡಿ. ಬೇಕಾದಾಗ ಆನ್, ಬೇಡವಾದಾಗ ಆಫ್. ಕಾಗದದಲ್ಲಿ ಕೆಲಸ ಮಾಡುವವರು ಫೋನಿನಲ್ಲಿ ಕಪ್ಪು–ಬಿಳುಪು ಫೋಟೊ ತೆಗೆದರೆ ಆಯಿತು.

4. ಎಲ್ಲಿ ಇಡಬೇಕು?

ಚೌಕಟ್ಟನ್ನು ಅಡ್ಡ, ಉದ್ದ ಮೂರು ಮೂರು ಭಾಗ ಮಾಡಿ, ಗೆರೆಗಳು ಕೂಡುವ ನಾಲ್ಕು ಜಾಗಗಳಲ್ಲಿ ಒಂದರ ಮೇಲೆ ಮುಖ್ಯ ವಸ್ತು ಇಡಿ. ಈ ‘ಮೂರನೇ ಒಂದರ ನಿಯಮ’ ನಿಮಗೆ ಗೊತ್ತೇ ಇರುತ್ತದೆ. ಆದರೆ ಈ ಹೆಸರನ್ನು 1797ರಷ್ಟು ಹಿಂದೆಯೇ ಬಳಸಿದ ಇಂಗ್ಲಿಷ್ ಕಲಾವಿದ ಜಾನ್ ಥಾಮಸ್ ಸ್ಮಿತ್ ಹೇಳಿದ್ದು ನಾಲ್ಕು ಚುಕ್ಕಿಗಳ ಬಗ್ಗೆ ಅಲ್ಲ, ಪಾಲಿನ ಬಗ್ಗೆ. ಆಕಾಶ ಮೂರರಲ್ಲಿ ಎರಡು ಭಾಗ ಇರಲಿ, ಇಲ್ಲವೇ ಒಂದು ಭಾಗ ಇರಲಿ, ಅರ್ಧ–ಅರ್ಧ ಬೇಡ ಅನ್ನುವುದು ಅವನ ಮಾತು. ನನಗೆ ಚುಕ್ಕಿಗಿಂತ ಈ ಪಾಲಿನ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆದ ಕೂಡಲೇ ಚಿತ್ರಕ್ಕೆ ಜೀವ ಬರುತ್ತದೆ.

ಜಾಗ ಸ್ವಲ್ಪ ಸರಿದರೂ ಏನಾಗುತ್ತದೆ ಎನ್ನುವುದಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟ್‌ನ ‘ನೈಟ್ ವಾಚ್’ ಇದೆ. 1642ರ ಈ ದೊಡ್ಡ ಚಿತ್ರವನ್ನು 1715ರಲ್ಲಿ ಬೇರೆ ಗೋಡೆಗೆ ಸಾಗಿಸುವಾಗ ಹಿಡಿಸಲಿಲ್ಲ ಅಂತ ಅಂಚುಗಳನ್ನು ಕತ್ತರಿಸಿದರು. ಜಾಸ್ತಿ ಹೋದದ್ದು ಎಡಗಡೆ. ಮೊದಲು ನಡುವಿನಿಂದ ಬಲಕ್ಕೆ ಸರಿದು ನಿಂತಿದ್ದ ಕಾವಲು ಪಡೆಯ ಮುಂದಾಳು ಮತ್ತು ಅವನ ಜೊತೆಗಾರ ಈಗ ಸರಿಯಾಗಿ ನಡುವೆ ಬಂದರು. ಎಡಗಡೆಯ ಖಾಲಿ ಜಾಗದ ಕಡೆ ಅವರು ಹೆಜ್ಜೆ ಹಾಕುತ್ತಿದ್ದಾರೆ ಎಂಬ ಓಘ ಕಡಿಮೆಯಾಯಿತು. 2021ರಲ್ಲಿ ಈ ಚಿತ್ರವಿರುವ ಮ್ಯೂಸಿಯಂನವರು ಕಳೆದ ಭಾಗಗಳನ್ನು ಕಂಪ್ಯೂಟರ್ ನೆರವಿನಿಂದ ಮತ್ತೆ ರಚಿಸಿ ಪಕ್ಕಕ್ಕೆ ಜೋಡಿಸಿ ತೋರಿಸಿದ್ದರು. ಎರಡರ ಫೋಟೊಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವ ಪಾಠಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಂತ ನಡುವೆ ಇಡುವುದು ಅಪರಾಧವಲ್ಲ. ಗಾಂಭೀರ್ಯ, ನಿಶ್ಚಲತೆ, ಎದುರಾಬದುರು ನೋಟ ಬೇಕಿದ್ದರೆ ನಡುವೇ ಸರಿ. ಯೋಚಿಸದೆ ನಡುವೆ ಇಡುವುದು ತಪ್ಪು.

ಪಾತ್ರ ಯಾವ ಕಡೆ ನೋಡುತ್ತಿದೆಯೋ, ಚಲಿಸುತ್ತಿದೆಯೋ ಆ ಕಡೆ ಜಾಗ ಬಿಡಿ. ಖಾಲಿ ಜಾಗಕ್ಕೆ ನೆಗೆಟಿವ್ ಸ್ಪೇಸ್ ಅನ್ನುತ್ತಾರೆ. ಅದನ್ನು ಕಂಡ ಕೂಡಲೇ ಒಂದು ಹಕ್ಕಿಯನ್ನೋ ಮೋಡವನ್ನೋ ಇಡಲು ಕೈ ತುರಿಸುತ್ತದೆ, ಅಲ್ವಾ? ತಡೆದುಕೊಳ್ಳಿ.

5. ಕಣ್ಣಿಗೆ ದಾರಿ ಹಾಕಿಕೊಡಿ

ರಸ್ತೆಯ ಅಂಚು, ಮಾಡಿನ ಓರೆ, ಕೊಡೆಯ ಕಾವು, ಚಾಚಿದ ತೋಳು. ಇವೆಲ್ಲ ಗೆರೆಗಳೇ. ಇವುಗಳಲ್ಲಿ ಎರಡು ಮೂರಾದರೂ ಫೋಕಲ್ ಪಾಯಿಂಟ್ ಕಡೆ ತಿರುಗಿರಬೇಕು. ಲಿಯೊನಾರ್ಡೊನ ‘ಕೊನೆಯ ಭೋಜನ’ದಲ್ಲಿ ಚಾವಣಿ ಮತ್ತು ಗೋಡೆಯ ಗೆರೆಗಳೆಲ್ಲ ಹೋಗಿ ಕೂಡುವುದು ಏಸುವಿನ ತಲೆಯ ಹತ್ತಿರ. ಅಲ್ಲಿ ಗೋಡೆಯಲ್ಲಿ ಮೊಳೆ ಹೊಡೆದ ತೂತೂ ಸಿಕ್ಕಿದೆ. ಗೆರೆಗಳನ್ನು ಲಿಯೊನಾರ್ಡೊ ಅಲ್ಲಿಂದಲೇ ಅಳೆದು ಹಾಕಿದ್ದ.

ಗೆರೆಗಿಂತ ಬಲವಾದದ್ದು ನೋಟ. ಚಿತ್ರದಲ್ಲಿ ಮುಖವಿದ್ದರೆ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ಆ ಮುಖ ಎಲ್ಲಿಗೆ ನೋಡುತ್ತಿದೆಯೋ ನಾವೂ ಅಲ್ಲಿಗೆ ನೋಡುತ್ತೇವೆ. ನಮ್ಮ ಹುಡುಗಿ ಮರಿಯನ್ನು ನೋಡಿದರೆ ಕೆಲಸ ಅರ್ಧ ಮುಗಿಯಿತು. ಅವಳು ಚೌಕಟ್ಟಿನ ಆಚೆ ನೋಡಿದರೆ ನಮ್ಮ ಕಣ್ಣೂ ಆಚೆಗೇ. ಹಿಂದೆ ನಿಂತ ಮೂರನೆಯ ವ್ಯಕ್ತಿ ನೇರವಾಗಿ ನಮ್ಮನ್ನೇ ದಿಟ್ಟಿಸಿದರಂತೂ ಮುಗಿಯಿತು, ಇಡೀ ಚಿತ್ರ ಅವನದಾಗುತ್ತದೆ. ಅವನನ್ನು ತಿರುಗಿಸಿ ನಿಲ್ಲಿಸಿ.

ಮುಖ್ಯವಾದದ್ದು ದೊಡ್ಡದಾಗಿಯೇ ಇರಬೇಕು ಅಂತಲೂ ಇಲ್ಲ. 1831ರ ಸುಮಾರಿಗೆ ಜಪಾನಿನ ಕಲಾವಿದ ಹೊಕುಸಾಯ್ ಮಾಡಿದ ದೊಡ್ಡ ಅಲೆಯ ಚಿತ್ರದಲ್ಲಿ ಫ್ಯೂಜಿ ಬೆಟ್ಟ ಅಂಗೈಯೊಳಗಿನ ಕಾಳಿನಷ್ಟು ಚಿಕ್ಕದು. ಆದರೆ ಅಲೆಯ ಕಮಾನು ಸುತ್ತುವರಿದು ಕಣ್ಣನ್ನು ಆ ತಗ್ಗಿಗೆ ಇಳಿಸುತ್ತದೆ. ನಮ್ಮ ಕೊಡೆಯ ಬಾಗೂ ಮರಿಗೆ ಇದನ್ನೇ ಮಾಡಬಲ್ಲದು.

ಎಚ್ಚರ: ಮೂಲೆಗೆ ನೇರವಾಗಿ ಓಡುವ ಗೆರೆ ಕಣ್ಣನ್ನು ಚಿತ್ರದಿಂದ ಹೊರಗೆ ಕಳಿಸುತ್ತದೆ. ಅಂಥ ಗೆರೆಯನ್ನು ಅಡ್ಡಲಾಗಿ ಒಂದು ಕಂಬದಿಂದಲೋ ನೆರಳಿನಿಂದಲೋ ತಡೆಯಿರಿ.

6. ವಿವರ ಮತ್ತು ಅಂಚು

ಹಿಂದೊಮ್ಮೆ ಎರಡು ದಿನ ಕೂತು ಒಂದು ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದ್ದೆ. ಮೂರನೇ ದಿನ ಅದರ ಮೇಲೆ ನೆರಳು ಬಳಿದು ಮುಚ್ಚಬೇಕಾಯಿತು. ಈಗ ಬೆಳಕು ಬೀಳುವ ಕಡೆ ಏಳೆಂಟು ಇಟ್ಟಿಗೆ ಹಾಕಿ ಬಿಡುತ್ತೇನೆ. ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ಅಂಚುಗಳಿಗೂ ಅದೇ ಮಾತು. ಮರಿಯ ಕಿವಿಯ ಅಂಚು ಚೂಪಾಗಿರಲಿ. ಹುಡುಗಿಯ ಬೆನ್ನಿನ ಅಂಚು ಮೆತ್ತಗಾಗಲಿ. ದೂರದ ಮರಗಳ ಅಂಚು ಮಳೆಯಲ್ಲಿ ಕರಗಿಹೋಗಲಿ. ಎಲ್ಲದರ ಸುತ್ತ ಒಂದೇ ದಪ್ಪದ ಕಪ್ಪು ಗೆರೆ ಎಳೆಯುವ ಶೈಲಿ ನಿಮ್ಮದಾದರೆ, ಹಿಂದಿನ ಗೆರೆಗಳನ್ನು ತೆಳ್ಳಗೆ ಮಾಡಿ, ಇಲ್ಲವೇ ಕಪ್ಪಿನ ಬದಲು ಬೂದು ಬಣ್ಣದಲ್ಲಿ ಎಳೆಯಿರಿ. ಡಿಜಿಟಲ್‌ನಲ್ಲಿ ಹಿನ್ನೆಲೆಗೆಲ್ಲ ಬ್ಲರ್ ಹಾಕಿ ಕೈತೊಳೆದುಕೊಳ್ಳಬೇಡಿ. ಮುಂದಿನದನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

7. ಬಣ್ಣ ಕೊನೆಗೆ ಬರಲಿ

ವ್ಯಾಲ್ಯೂ ಸರಿಯಿದ್ದರೆ ಬಣ್ಣದಲ್ಲಿ ಆಟ ಆಡಬಹುದು. ಸರಿಯಿಲ್ಲದಿದ್ದರೆ ಬಣ್ಣ ಕಾಪಾಡುವುದಿಲ್ಲ. ಅತಿ ತೀವ್ರ ಬಣ್ಣವನ್ನು ಫೋಕಲ್ ಪಾಯಿಂಟ್‌ಗೆ ಮೀಸಲಿಡಿ. ಮರಿಯ ಕೊರಳಿಗೆ ಕೆಂಪು ಪಟ್ಟಿ ಕಟ್ಟಿದರೆ ಬೇರೆಲ್ಲೂ ಅಷ್ಟು ಕೆಂಪು ಬೇಡ. ಎಲ್ಲೋ ದೂರದಲ್ಲಿ ಒಂದು ಮಂಕು ಕೆಂಪು ಇಟ್ಟರೆ ಜೊತೆ ಸಿಗುತ್ತದೆ, ಅಷ್ಟು ಸಾಕು.

ಬಣ್ಣ ಮಂಕು ಅನ್ನಿಸಿದಾಗ ಅದನ್ನೇ ತಿದ್ದಬೇಡಿ, ನೆರೆಹೊರೆ ನೋಡಿ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರಲ್‌ಗೆ ಕಪ್ಪು ನೂಲು ಗಾಢವಾಗಿಲ್ಲ ಎಂಬ ದೂರು ಬಂತು. ಹುಡುಕಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೂಲಿನ ಬಣ್ಣಗಳು ಕಪ್ಪನ್ನು ಮಂಕಾಗಿ ಕಾಣಿಸುತ್ತಿದ್ದವು. 1839ರಲ್ಲಿ ಅವನು ಇದನ್ನು ವಿವರವಾಗಿ ಪ್ರಕಟಿಸಿದ. ನಿಮ್ಮ ಕೆಂಪು ಸಾಲದಾದರೆ ಸುತ್ತಲಿನ ಹಸಿರನ್ನು ಬೂದು ಬಣ್ಣದ ಕಡೆ ಸರಿಸಿ ನೋಡಿ. ಕೆಂಪನ್ನು ಮುಟ್ಟುವುದೇ ಬೇಕಾಗುವುದಿಲ್ಲ.

8. ಟ್ಯಾಂಜೆಂಟ್ ಹುಡುಕಿ

ಎರಡು ಆಕಾರಗಳ ಅಂಚು ಸುಮ್ನೆ ಒಂದಕ್ಕೊಂದು ತಾಗಿಕೊಂಡು ನಿಲ್ಲುವುದನ್ನು ಟ್ಯಾಂಜೆಂಟ್ ಅನ್ನುತ್ತಾರೆ. ಹುಡುಗಿಯ ತಲೆಯಿಂದಲೇ ಕಂಬ ಎದ್ದ ಹಾಗೆ, ಕೊಡೆಯ ತುದಿ ಮಾಡಿನ ಗೆರೆಗೆ ಅಂಟಿದ ಹಾಗೆ, ಕಾಲ್ಬೆರಳು ಚೌಕಟ್ಟಿನ ಅಂಚಿಗೆ ಮುತ್ತಿಟ್ಟ ಹಾಗೆ. ಮದ್ದು ಸುಲಭ: ಒಂದೋ ಒಂದರ ಮೇಲೊಂದು ಚೆನ್ನಾಗಿ ಹಾಯಿಸಿ, ಇಲ್ಲವೇ ನಡುವೆ ಜಾಗ ಬಿಡಿ.

9. ಪರೀಕ್ಷೆ

ಕಣ್ಣು ಅರೆಮುಚ್ಚಿ ನೋಡಿ. ವಿವರ ಮಾಯವಾಗಿ ದೊಡ್ಡ ಆಕಾರ ಉಳಿಯುತ್ತದೆ. ಮುಖ್ಯವಾದದ್ದು ಇನ್ನೂ ಕಾಣುತ್ತಿದೆಯೇ? ಚಿತ್ರವನ್ನು ಎಡಬಲ ತಿರುಗಿಸಿ, ಅಥವಾ ಕನ್ನಡಿಯಲ್ಲಿ ನೋಡಿ. ಫೋನಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ.

ಆಮೇಲೆ ಯಾರಿಗಾದರೂ ಎರಡು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ‘ಹೇಗಿದೆ?’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಮೊದಲು ಏನು ಕಂಡಿತು?’ ಅಂತ ಕೇಳಿ. ಮರಿ ಅಂದರೆ ಗೆದ್ದಿರಿ. ಬೀದಿದೀಪ ಅಂದರೆ ವಾದ ಮಾಡಬೇಡಿ, ಮೂರನೇ ಹಂತಕ್ಕೆ ಹಿಂತಿರುಗಿ.

ಚಿತ್ರ ಆಗಲೇ ಮುಗಿದುಹೋಗಿದ್ದರೆ?

ಹಲವರ ಪ್ರಶ್ನೆ ಇದೇ ಆಗಿರುತ್ತದೆ. ಎಲ್ಲವನ್ನೂ ಮತ್ತೆ ಬಿಡಿಸಬೇಕಿಲ್ಲ. ಈ ಕ್ರಮದಲ್ಲಿ ಪ್ರಯತ್ನಿಸಿ, ಸಾಕೆನಿಸಿದಲ್ಲಿ ನಿಲ್ಲಿಸಿ. ಮೊದಲು ಕತ್ತರಿಸಿ ನೋಡಿ: ನಾಲ್ಕು ಕಾಗದದ ಪಟ್ಟಿಗಳನ್ನು ಅಂಚುಗಳ ಮೇಲಿಟ್ಟು ಒಳಕ್ಕೆ ಸರಿಸುತ್ತಾ ಹೋಗಿ. ಎಷ್ಟೋ ಚಿತ್ರಗಳು ಇಷ್ಟಕ್ಕೇ ಸರಿಯಾಗುತ್ತವೆ. ಆಗದಿದ್ದರೆ ಹಿನ್ನೆಲೆಯ ಮೇಲೆ ಒಂದು ತೆಳು ಟೋನ್ ಎಳೆಯಿರಿ. ಡಿಜಿಟಲ್‌ನಲ್ಲಿ ಕೆಳಗಿನದನ್ನು ಗಾಢ ಮಾಡುವ ಮಲ್ಟಿಪ್ಲೈ ಮೋಡ್‌ನ ಒಂದು ಲೇಯರ್, ಕಾಗದದಲ್ಲಿ ನೀರು ಜಾಸ್ತಿ ಬೆರೆಸಿದ ಒಂದು ಕೈ ಬಣ್ಣ. ಫೋಕಲ್ ಪಾಯಿಂಟ್ ಸುತ್ತ ಮಾತ್ರ ಬಿಟ್ಟುಬಿಡಿ. ಜಲವರ್ಣವಾದರೆ ಕೆಳಗಿನ ಪದರ ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ಕಲಸಿಹೋಗುತ್ತದೆ. ಆಮೇಲೂ ಯಾವುದೋ ಒಂದು ವಸ್ತು ಕಣ್ಣು ಎಳೆಯುತ್ತಿದ್ದರೆ ಅದನ್ನು ಬೆರಳಿನಿಂದ ಮುಚ್ಚಿ ನೋಡಿ. ಮುಚ್ಚಿದಾಗ ಚಿತ್ರ ಚೆನ್ನಾಗಿ ಕಂಡರೆ, ಅದು ನಿಮಗೆ ಎಷ್ಟೇ ಇಷ್ಟವಾದ ಬೀದಿದೀಪವಾಗಿದ್ದರೂ ಅಳಿಸಿ.